ಮೂರನೇ ಕ್ವಾರ್ಟರಿನಲ್ಲಿ ನಿಲ್ಲುವ ಹುಡುಗ

"ಅವ ನಿಂತ್‌ಬಿಡ್ತಾನಲೇ," ಎಂದ ಗೆಳೆಯ ಫೋನಿನಲ್ಲಿ. "ಎತ್ತರ ಐತಿ, ಕಿಕ್ ಐತಿ, ಓಟ ಐತಿ. ಆದ್ರ ಮೂರನೇ ಕ್ವಾರ್ಟರ್‌ದಾಗ ಒಂದ್ಸಲ ನಿಂತ್‌ಬಿಡ್ತಾನ. ಬಾಲ್ ಮುಂದ ಹೋಗ್ತಿರ್ತದ, ಇವ ಮೊಂಡ ಎತ್ತಿನಂಗ ಅಲ್ಲೇ. ಅಂಥವನ್ನ ನಮ್ಮ ಕ್ಲಬ್ಬಿಗೆ ತಗೊಂಡು ಪೂಜಾ ಮಾಡೋದೇನು?"

"ಅದು ಸುಸ್ತಲ್ಲ ಕಣೋ, ಗೇಮ್ ಓದ್ತಿರ್ತಾನೆ," ಎಂದೆ ನಾನು.

"ಏನ್ ಓದ್ತಾನ? ಪೇಪರಾ?"

ಗೆಳೆಯ ಹುಬ್ಬಳ್ಳಿಯವನು. ಮೆಲ್ಬರ್ನ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ನಾನು ತುಮಕೂರಿನವನು. ಅವನ ಜೊತೆಯಲ್ಲೇ ಮೆಲ್ಬರ್ನ್‌ನಲ್ಲಿ ಓದಿ, ಪಿಆರ್, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿ, ಸಿಕ್ಕ ಮೇಲೆ ಸಿಡ್ನಿಗೆ ಬಂದು, ಚಾಟ್ಸ್‌ವುಡ್‌ನ ಒಂದು ಕಂಪನಿಯ ಹೆಲ್ಪ್‌ಡೆಸ್ಕಿನಲ್ಲಿ ಕೂತಿದ್ದೆ. ಎರಡು ಸಾವಿರದ ದಶಕದ ನಡುವಿನ ಮಾತು. ಊರು ಬೇರೆಯಾದರೂ ನಮ್ಮಿಬ್ಬರ ಕ್ಲಬ್ ಒಂದೇ, ಜಗಳವೂ ಒಂದೇ: ಈ ಸಲ ಡ್ರಾಫ್ಟ್‌ನಲ್ಲಿ ಯಾರನ್ನು ತೆಗೆದುಕೊಳ್ಳಬೇಕು?

ಆಸ್ಟ್ರೇಲಿಯಾದವರು ಫುಟಿ ಎನ್ನುವ, ನಾಲ್ಕು ಕ್ವಾರ್ಟರುಗಳ ಈ ಆಟ ನನಗೆ ಹತ್ತಿದ್ದು ಮೆಲ್ಬರ್ನ್‌ನ ಮೊದಲ ಚಳಿಗಾಲದಲ್ಲಿ. ಯಾರೋ ಕೊಟ್ಟ ಟಿಕೆಟ್‌ನಲ್ಲಿ ಹೋಗಿ ಕೂತೆ. ಒಬ್ಬ ಗೋಲಿಗೆ ಒದ್ದ, ಚೆಂಡು ನಡುವಿನ ಕಂಬಗಳನ್ನು ಬಿಟ್ಟು ಪಕ್ಕದಲ್ಲಿ ಹೋಯಿತು, ಆದರೂ ಒಂದು ಪಾಯಿಂಟ್ ಕೊಟ್ಟರು! ಗುರಿ ತಪ್ಪಿದವನಿಗೂ ಏನಾದರೂ ಕೊಡುವ ಆಟ ಜಗತ್ತಿನಲ್ಲಿ ಇನ್ನೊಂದಿದೆಯೇ? ಅವತ್ತೇ ಬಿದ್ದೆ. ಲೈಬ್ರರಿಯಿಂದ ಹಳೆಯ ಪಂದ್ಯಗಳ ಡಿವಿಡಿ ತಂದೆ, ಪತ್ರಿಕೆಗಳ ಕ್ರೀಡಾಪುಟ ಕತ್ತರಿಸಿಟ್ಟೆ, ಅಭಿಮಾನಿಗಳ ಇಂಟರ್‌ನೆಟ್ ಫೋರಂ ಸೇರಿ ಸುಳ್ಳು ಹೆಸರಿನಲ್ಲಿ ಉದ್ದುದ್ದ ಬರೆದೆ. ಆ ಅಂಡಾಕಾರದ ಚೆಂಡನ್ನು ನಾನೇ ಒದ್ದರೆ ಅದು ಪಕ್ಕದ ಮನೆಗೆ ಹೋಗುತ್ತಿತ್ತು, ಅದು ಬೇರೆ ವಿಷಯ.

ಡ್ರಾಫ್ಟ್ ಎಂದರೆ, ವರ್ಷದ ಕೊನೆಗೆ ಎಲ್ಲ ಕ್ಲಬ್ಬುಗಳು ಸರದಿಯ ಮೇಲೆ ಶಾಲೆ ಮುಗಿಸುತ್ತಿರುವ ಹುಡುಗರನ್ನು ಆರಿಸಿಕೊಳ್ಳುವುದು. ಆ ವರ್ಷದ ಪಂದ್ಯಗಳಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ಕ್ಲಬ್ಬಿಗೆ ಮೊದಲ ಆಯ್ಕೆ. ಹುಡುಗರಿಗೆ ಆಯ್ಕೆಯಿಲ್ಲ, ಕರೆದ ಊರಿಗೆ ಹೋಗಬೇಕು. ಆ ವರ್ಷ ನಮ್ಮ ಕ್ಲಬ್ ಚೆನ್ನಾಗಿಯೇ ಸೋತಿತ್ತು, ಹಾಗಾಗಿ ಒಳ್ಳೆಯ ಸರದಿ ಬಂದಿತ್ತು. ಗೆಳೆಯನ ಆಯ್ಕೆ ವಿಕ್ಟೋರಿಯಾದ ಗೋಧಿ ಸೀಮೆಯ ಒಬ್ಬ ದೈತ್ಯ. ನನ್ನ ಆಯ್ಕೆ ನಾನು ಬಾಡಿಗೆಗಿದ್ದ ಮನೆಯವರ ಮಗ.

ನಗಬೇಡಿ. ಹುಡುಗ ನಿಜಕ್ಕೂ ಚೆನ್ನಾಗಿದ್ದ. ಕೆಲ್ಲಿವಿಲ್‌ನ ಆ ಮನೆಯ ಹಿತ್ತಲಲ್ಲಿದ್ದ ಗ್ರ್ಯಾನಿ ಫ್ಲಾಟ್‌ಗೆ ನಾನು ಹೋದಾಗಲೇ ಅವನು ರಾಜ್ಯದ ತಂಡದಲ್ಲಿ ಆಡುತ್ತಿದ್ದ. ಅಂಕಲ್ ಆಂಟಿ ಇಬ್ಬರೂ ಉಡುಪಿ ಕಡೆಯವರು, ಮನೆಯಲ್ಲಿ ತುಳು, ನನ್ನ ಜೊತೆ ಕನ್ನಡ. ಮಗನಿಗೆ ಎರಡೂ ಅರ್ಥವಾಗುತ್ತಿತ್ತು, ಬಾಯಿಂದ ಬರುತ್ತಿದ್ದದ್ದು ಇಂಗ್ಲಿಷ್ ಒಂದೇ. ಅವನಿಗೊಬ್ಬಳು ತಂಗಿ, ಅವಳು ಶಾಲೆಯ ಓಟದ ತಂಡದಲ್ಲಿದ್ದಳು. ಅವನ ಆಟಗಳಿಗೆ ನಾನು ಅಂಕಲ್ ಕಾರಿನಲ್ಲೇ ಹೋಗುತ್ತಿದ್ದೆ. ನಮ್ಮವನೊಬ್ಬ, ಮನೆಯಲ್ಲಿ ಗಂಜಿ ಉಂಡು ಬಂದವನೊಬ್ಬ, ಆ ದೊಡ್ಡ ಮೈದಾನಕ್ಕೆ ಇಳಿಯುತ್ತಾನೆ ಎನ್ನುವ ಆಸೆ ನನಗೆ ಅವನಿಗಿಂತ ಹೆಚ್ಚಿತ್ತೇನೋ.

ಸಿಡ್ನಿಯಲ್ಲಿ ಜಕರಂಡ ಹೂ ಬಿಡುವ ಅಕ್ಟೋಬರ್ ಕೊನೆಯಲ್ಲಿ, ನಮ್ಮ ಕ್ಲಬ್ಬಿನ ರಿಕ್ರೂಟರ್ ಮೆಲ್ಬರ್ನ್‌ನಿಂದ ಮನೆಗೆ ಬರುತ್ತಾನೆ ಎಂದು ಫೋನ್ ಬಂತು. ಆಯ್ಕೆಗೆ ಮೊದಲು ಹುಡುಗರ ಮನೆಗೆ ಬಂದು ಅಪ್ಪ ಅಮ್ಮಂದಿರ ಜೊತೆ ಮಾತಾಡಿಕೊಂಡು ಹೋಗುವುದು ಅವರ ಪದ್ಧತಿ. ಆಂಟಿ ಹಿಂದಿನ ದಿನವೇ ಪರದೆ ಒಗೆದರು.

"ಥೇಟ್ ಹೆಣ್ಣು ನೋಡ್ಲಿಕ್ಕೆ ಬಂದ ಹಾಗೇ ಅಲ್ವಾ?" ಎಂದು ನಕ್ಕರು. "ನನ್ನನ್ನು ನೋಡ್ಲಿಕ್ಕೆ ಬಂದಾಗ ಹಾಡ್ಲಿಕ್ಕೆ ಹೇಳಿದ್ರು. ಇವನಿಗೆ ಎಂತ ಹೇಳ್ತಾರೋ."

"ಹಾಡ್ಲಿಕ್ಕೆ ಹೇಳಿದ್ರೆ ಗೋವಿಂದ," ಎಂದರು ಅಂಕಲ್.

ರಿಕ್ರೂಟರ್ ಐವತ್ತರ ಆಸುಪಾಸಿನ ಸೌಮ್ಯ ಮನುಷ್ಯ. ಸಜ್ಜಿಗೆ ಅವಲಕ್ಕಿ ತಿಂದ, ಗೋಳಿಬಜೆ ಕೇಳಿ ಹಾಕಿಸಿಕೊಂಡ. ಹುಡುಗನ ಓದು, ನಿದ್ದೆ, ಊಟ ವಿಚಾರಿಸಿದ. ಆಮೇಲೆ ಆಂಟಿಯ ಕಡೆ ತಿರುಗಿ, ನಿಮ್ಮ ಅಣ್ಣತಮ್ಮಂದಿರು ಎಷ್ಟೆತ್ತರ ಎಂದು ಕೇಳಿದ. ಹುಡುಗ ಇನ್ನೂ ಬೆಳೆಯುತ್ತಾನೋ ಇಲ್ಲವೋ ತಿಳಿಯಲು ಅವರು ಸೋದರಮಾವಂದಿರನ್ನು ನೋಡುತ್ತಾರಂತೆ.

"ಮೈ ಬ್ರದರ್ ವಾಸ್ ಸಿಕ್ಸ್ ಟೂ," ಎಂದರು ಆಂಟಿ.

ಆರಡಿ ಎರಡಂಗುಲ! ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಇದನ್ನು ಗೆಳೆಯನಿಗೆ ಹೇಳಬೇಕು, ಫೋರಂನಲ್ಲಿ ಹಾಕಬೇಕು.

ರಿಕ್ರೂಟರ್ ಇನ್ನೊಂದು ಪದ ಕೇಳಿಸಿಕೊಂಡಿದ್ದ. "ವಾಸ್?" ಎಂದ.

ತೀರಿಹೋಗಿ ಬಹಳ ವರ್ಷವಾಯಿತು ಎಂದರು ಆಂಟಿ. ಅವನು ಸಂತಾಪ ಹೇಳಿ, ಕಾಯಿಲೆಯೇ, ಮನೆತನದಲ್ಲಿ ಹಾರ್ಟ್ ಪ್ರಾಬ್ಲೆಮ್ ಏನಾದರೂ ಇದೆಯೇ ಎಂದು ಕೇಳಿದ.

"ನೋ ನೋ, ನೋ ಹಾರ್ಟ್ ಪ್ರಾಬ್ಲೆಮ್. ನಥಿಂಗ್ ಲೈಕ್ ದಟ್ ಇನ್ ಅವರ್ ಫ್ಯಾಮಿಲಿ," ಎಂದರು ಆಂಟಿ. ಒಂದು ಕ್ಷಣವೂ ತಡೆಯಲಿಲ್ಲ, ಮುಖದಲ್ಲಿ ಕಪಟವೂ ಇರಲಿಲ್ಲ. ಅವನು ತಲೆಯಾಡಿಸಿ ಚಹಾ ಕುಡಿದ.

ಆ ವಾರ ನಾನು ಫೋರಂನಲ್ಲಿ ಒಬ್ಬನೇ ಎಲ್ಲರ ಮೇಲೂ ಯುದ್ಧ ಮಾಡಿದೆ. ಅಲ್ಲೂ ಅದೇ ದೂರು: ಹುಡುಗ ಸೋಮಾರಿ, ಮೆತ್ತಗಿದ್ದಾನೆ, ಮೂರನೇ ಕ್ವಾರ್ಟರಿನಲ್ಲಿ ಮಾಯವಾಗುತ್ತಾನೆ. ಸರಿ, ಅವನು ನಿಂತ ಪ್ರತಿಯೊಂದು ಜಾಗವನ್ನೂ ತೆಗೆದು, ಅಲ್ಲಿ ನಿಂತದ್ದೇ ಸರಿಯಾದ ಆಟ ಎಂದು ತೋರಿಸಿ, ಎಲ್ಲರ ಬಾಯಿ ಮುಚ್ಚಿಸುತ್ತೇನೆ ಎಂದು ಹೊರಟೆ. ಅಂಕಲ್ ಪ್ರತಿ ಪಂದ್ಯವನ್ನೂ ಹ್ಯಾಂಡಿಕ್ಯಾಮ್‌ನಲ್ಲಿ ಹಿಡಿದಿದ್ದರು. ಶನಿವಾರ ಮಧ್ಯಾಹ್ನ ಮನೆಯ ದೊಡ್ಡ ಟಿವಿಗೆ ಅದನ್ನು ಜೋಡಿಸಿ ಕೂತೆ. ಹೊರಗೆ ಪಶ್ಚಿಮದ ಬಿಸಿಗಾಳಿ, ಎಲ್ಲೋ ಕಾಡು ಉರಿಯುವ ವಾಸನೆ. ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಆಂಟಿಯ ತಾಯಿ, ಊರಿನಿಂದ ಮೊಮ್ಮಕ್ಕಳನ್ನು ನೋಡಲು ಹೊಸದಾಗಿ ಬಂದಿದ್ದ ಅಜ್ಜಿ, ಪಕ್ಕದಲ್ಲಿ ಬಸಳೆ ದಂಟು ಮುರಿಯುತ್ತಾ ಕೂತಿದ್ದರು.

ಟಿವಿಯವರ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಅಂಕಲ್ ಕ್ಯಾಮೆರಾ ಹಾಗಲ್ಲ, ಚೆಂಡು ಎಲ್ಲಿಗಾದರೂ ಹೋಗಲಿ, ಅದು ಮಗನ ಮೇಲೇ ಇರುತ್ತಿತ್ತು. ಅದರಿಂದಲೇ ನನಗೆ ಕಂಡಿತು. ಮೊದಲನೇ ಪಂದ್ಯ: ಉದ್ದನೆಯ ಓಟ, ತಿರುಗಿ ಇನ್ನೊಂದು ಓಟ, ಆಮೇಲೆ ನಿಂತ. ಎಡಗೈ ಜರ್ಸಿಯ ಕುತ್ತಿಗೆಗೆ ಹೋಗಿ, ಬಟ್ಟೆ ಬಿಗಿಯಾದವನ ಹಾಗೆ ಎಳೆಯಿತು. ತಲೆ ತಗ್ಗಿತು. ಆಮೇಲೆ ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿ ಮತ್ತೆ ಓಡಿದ. ಇನ್ನೊಂದು ಪಂದ್ಯ ಹಾಕಿದೆ. ಅದೇ ಓಟ, ಅದೇ ಕೈ. ಮತ್ತೊಂದು. ಅದೇ ಕೈ, ಅದೇ ಕಣ್ಣು. ಇದರಲ್ಲಿ ಆಟ ಓದುವುದು ಎಲ್ಲಿತ್ತು? ಚೆಂಡು ಮೈದಾನದ ಯಾವ ತುದಿಯಲ್ಲಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

"ಅದನ್ನು ಇನ್ನೊಮ್ಮೆ ಹಾಕು ಮಗಾ," ಎಂದರು ಅಜ್ಜಿ.

ಹಾಕಿದೆ. ಬಸಳೆ ಬುಟ್ಟಿ ಪಕ್ಕಕ್ಕಿಟ್ಟು ಟಿವಿಯ ಹತ್ತಿರ ಬಂದರು.

"ನನ್ನ ಮಗನೂ ಹೀಗೇ ಅಂಗಿ ಎಳೀತಿದ್ದ," ಎಂದರು. "ವಾಲಿಬಾಲ್ ಆಡ್ತಾ ಇದ್ದ, ಕೊಯ್ಲು ಆದ ಗದ್ದೆಯಲ್ಲಿ. ಬಾಲ್ ಮೇಲೆ ಹೋಯ್ತು, ಇವ ಕೆಳಗೆ ಬಿದ್ದ. ಏಳ್ಲಿಲ್ಲ."

"ಡಾಕ್ಟರು ಏನಂದ್ರು ಅಜ್ಜಿ?"

"ಎಂತ ಡಾಕ್ಟರ್ ಮಾರಾಯ? ಗಾಳಿ ತಾಗಿದ್ದಕ್ಕೆ ಡಾಕ್ಟರ್ ಎಂತ ಮಾಡ್ತಾನೆ? ಮಧ್ಯಾಹ್ನ ಹೊತ್ತು ಆ ಗದ್ದೆ ಹತ್ರ ಹೋಗ್ಬೇಡ ಅಂತ ಬಡ್ಕೊಂಡಿದ್ದೆ. ನನ್ನ ತಮ್ಮನಿಗೂ ಹಾಗೇ ಆದದ್ದು. ಬಸ್ಸಿಗೆ ಓಡಿದ, ಬಸ್ಸಿನ ಮೆಟ್ಲಲ್ಲೇ ಹೋದ. ನಮ್ಮ ಮನೆ ಗಂಡು ಮಕ್ಕಳ ಮೇಲೆ ಅದಕ್ಕೆ ಕಣ್ಣು."

ಈ ಆಟದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ನನ್ನದು. ಹಳ್ಳಿ ಮೈದಾನಗಳಲ್ಲಿ, ಯಾರೂ ಮುಟ್ಟದೆ, ಓಡುತ್ತಾ ಓಡುತ್ತಾ ಬಿದ್ದು ಹೋದ ಗಟ್ಟಿಮುಟ್ಟಾದ ಹುಡುಗರ ಸುದ್ದಿಗಳನ್ನೂ ಓದಿದ್ದೆ. ಅಲ್ಲಿ ಅದಕ್ಕೆ ಇಟ್ಟ ಹೆಸರು ಬೇರೆ. ಹೃದಯದ ಸ್ನಾಯು ದಪ್ಪವಾಗುವುದು, ರಕ್ತಸಂಬಂಧದಲ್ಲಿ ಇಳಿದು ಬರುವುದು.

ಅಜ್ಜಿ ಮತ್ತೆ ಬುಟ್ಟಿಯ ಹತ್ತಿರ ಕೂತರು. "ಗಾಳಿ ಸಮುದ್ರ ದಾಟಿ ಬರ್ಲಿಕ್ಕಿಲ್ಲ ಅಂತ ಧೈರ್ಯದಲ್ಲಿ ಇದ್ದೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಟಿವಿಯಲ್ಲಿ ಹುಡುಗ ಜರ್ಸಿ ಹಿಡಿದುಕೊಂಡು ನಿಂತೇ ಇದ್ದ. ಚಿತ್ರ ನಿಲ್ಲಿಸುವ ಬಟನ್ ಒತ್ತಿದ್ದನ್ನು ನಾನು ಮರೆತಿದ್ದೆ.

ಹಿತ್ತಲಿಗೆ ಹೋಗಿ ಗೆಳೆಯನಿಗೆ ಫೋನ್ ಮಾಡಿದೆ. ಅವನು ಎತ್ತಿದ ಕೂಡಲೇ, "ಏನಪಾ ವಕೀಲ, ಸಿಕ್ತೇನು ಸಾಕ್ಷಿ?" ಎಂದು ನಕ್ಕ. ಎಲ್ಲ ಹೇಳಿದೆ. ಅವನು ಇಂಡಿಕೇಟರ್ ಹಾಕಿ ಟ್ಯಾಕ್ಸಿಯನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿದ್ದು ಕೇಳಿಸಿತು.

"ನಾ ಆ ಹುಡುಗನಿಗೆ ಎತ್ತು ಅಂದೆನಲೇ," ಎಂದ.

"ನಿಂಗೇನ್ ಗೊತ್ತಿತ್ತು?"

"ಇದು ಫೋರಂ ಮಾತಲ್ಲ. ಫೋನ್ ಇಡು. ಹೋಗಿ ಅವರವ್ವಗ ಹೇಳು. ಈಗ."

ಆಂಟಿ ಬಟ್ಟೆ ಒಣಹಾಕುವ ಹಗ್ಗದ ಹತ್ತಿರ ಇದ್ದರು. ಗಾಳಿಗೆ ಬಟ್ಟೆಗಳು ನಿಲ್ಲುತ್ತಿರಲಿಲ್ಲ, ಬಾಯಲ್ಲೆರಡು ಕ್ಲಿಪ್ ಕಚ್ಚಿಕೊಂಡು ಮಗನ ಪಟ್ಟೆ ಸಾಕ್ಸ್ ಸಿಕ್ಕಿಸುತ್ತಿದ್ದರು. ನಾನು ತೊದಲುತ್ತಾ ಹೇಳಿದೆ: ಟೇಪು, ಕೈ, ಅವರ ಅಣ್ಣ, ಅಜ್ಜಿಯ ತಮ್ಮ.

ಕ್ಲಿಪ್ ತೆಗೆದು, "ಅದು ಹಾರ್ಟ್ ಅಲ್ಲ," ಎಂದರು. "ಅಣ್ಣನಿಗೆ ಗಾಳಿ ತಾಗಿದ್ದು. ಇಡೀ ಊರಿಗೆ ಗೊತ್ತುಂಟು. ದೇವಸ್ಥಾನದಲ್ಲಿ ಬಲಿವಾಡು ಸೇವೆ ಮಾಡ್ಸಿದ್ದೇವೆ, ಎಲ್ಲ ಮಾಡ್ಸಿದ್ದೇವೆ."

"ಆಂಟಿ, ಇಲ್ಲಿ ಅದಕ್ಕೆ ಏನಂತಾರೆ ಅಂದ್ರೆ..."

"ಹಾರ್ಟ್ ಅಲ್ಲ ಅಂದೆ ಅಲ್ವಾ?" ದನಿ ಏರಿತು. ಕೈಯಲ್ಲಿದ್ದ ಸಾಕ್ಸನ್ನು ನೋಡಿದರು. ಬಟ್ಟೆಯ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತರು. ಒಗೆದ ಬಟ್ಟೆಯೆಲ್ಲ ಹುಲ್ಲಿನ ಮೇಲೆ ಬಿತ್ತು, ಅದರ ಕಡೆ ನೋಡಲಿಲ್ಲ.

"ಅವ್ರು ಹಾರ್ಟ್ ಪ್ರಾಬ್ಲೆಮ್ ಉಂಟಾ ಅಂತ ಕೇಳಿದ್ರು," ಎಂದರು ಬಹಳ ಮೆಲ್ಲಗೆ. "ಗಾಳಿ ಉಂಟಾ ಅಂತ ಕೇಳ್ಲಿಲ್ಲ ಅಲ್ವಾ."

ಅಂಕಲ್ ಒಪ್ಪಲಿಲ್ಲ. ಗ್ಯಾರೇಜಿನಲ್ಲಿ ನಿಂತು ನಡೆದ ಮಾತು ಅದು. "ಡ್ರಾಫ್ಟ್ ಆಗಿ ಹೋಗ್ಲಿ. ಆಮೇಲೆ ತೋರಿಸುವ. ಈಗ ಡಾಕ್ಟರ್ ಹತ್ರ ಹೋದ್ರೆ ಕ್ಲಬ್ಬಿಗೆ ಗೊತ್ತಾಗ್ತದೆ. ಡ್ರಾಫ್ಟಿನವರ ಟೆಸ್ಟ್ ಕ್ಯಾಂಪ್‌ನಲ್ಲಿ ಅವನನ್ನು ಎಷ್ಟು ಓಡಿಸಿದ್ದಾರೆ, ಎಂತ ಆಗಿದೆ? ಏನೂ ಇಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನೀನು ಎಂತ ಡಾಕ್ಟರಾ? ಇಂಟರ್‌ನೆಟ್ಟಲ್ಲಿ ಆಟ ಕಲ್ತವ."

ಅದು ನಿಜವೇ ಆಗಿತ್ತು.

"ಆಗಿ ಹೋಗ್ಲಿ ಅಂತ ಹೇಳ್ಬೇಡಿ," ಎಂದರು ಆಂಟಿ. "ಅಣ್ಣ ಕೂಡ ಈ ಆಟ ಆಗಿ ಹೋಗ್ಲಿ, ಆಮೇಲೆ ಊಟಕ್ಕೆ ಬರ್ತೇನೆ ಅಂದಿದ್ದ." ಮಗನ ಬೂಟುಗಳನ್ನು ತೆಗೆದು ತಮ್ಮ ಕಾರಿನ ಡಿಕ್ಕಿಯಲ್ಲಿ ಹಾಕಿ ಬೀಗ ಹಾಕಿದರು. ಸೋಮವಾರ ಬೆಳಿಗ್ಗೆ ಮೊದಲ ಕೆಲಸ ಡಾಕ್ಟರು ಎಂದರು.

ಭಾನುವಾರ ಮಧ್ಯಾಹ್ನ ಹುಡುಗ ಮನೆಯಲ್ಲಿರಲಿಲ್ಲ. ಬೂಟು ಸಿಗದೆ, ಶಾಲೆಯ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು ಮೈದಾನಕ್ಕೆ ಹೋಗಿದ್ದಾನೆಂದು ತಂಗಿ ಹೇಳಿದಳು. ಅಂಕಲ್ ಹಾಲು ತರಲು ಹೋಗಿದ್ದರು. ಆಂಟಿ ಕೀಲಿ ಹಿಡಿದುಕೊಂಡು ಓಡಿದರು, ನಾನು ಹಿಂದೆಯೇ ಹೋಗಿ ಕಾರಿನಲ್ಲಿ ಕೂತೆ. ಆಕಾಶ ಹೊಗೆಗೆ ಕಂದು ಬಣ್ಣಕ್ಕೆ ತಿರುಗಿತ್ತು. ಹೊಸ ಮನೆಗಳ ಆ ರಸ್ತೆಗಳಲ್ಲಿ ಒಂದು ಜೀವವೂ ಇರಲಿಲ್ಲ, ಕಸದ ಡಬ್ಬಿಗಳು ಬಿದ್ದು ಉರುಳುತ್ತಿದ್ದವು.

ಓವಲ್ ಮೈದಾನದ ಆಚೆ ತುದಿಯಲ್ಲಿ ಅವನೊಬ್ಬನೇ ಇದ್ದ. ಗುರುತಿಗಿಟ್ಟ ಒಂದು ಪ್ಲಾಸ್ಟಿಕ್ ಕೋನಿನಿಂದ ಇನ್ನೊಂದಕ್ಕೆ ಓಡುತ್ತಿದ್ದ, ಮುಟ್ಟಿ, ತಿರುಗಿ, ಮತ್ತೆ ಓಡುತ್ತಿದ್ದ. ನಾನು ಕೂಗಲು ಬಾಯಿ ತೆರೆದೆ. ಆಂಟಿ ನನ್ನ ತೋಳು ಹಿಡಿದರು.

"ಕೂಗ್ಬೇಡ," ಎಂದರು. "ಹೆದರ್ತಾನೆ."

ಚಪ್ಪಲಿಯನ್ನು ಗೇಟಿನಲ್ಲೇ ಬಿಟ್ಟು, ಸುಡುವ ಹುಲ್ಲಿನ ಮೇಲೆ ನಡೆದರು. ಓಡಲಿಲ್ಲ. ಅವರು ಓಡಿದರೆ ಅವನು ಇನ್ನೂ ಜೋರಾಗಿ ಓಡಬಹುದು ಎಂದು ಅಂಜಿದ್ದರೋ ಏನೋ. ಅವನು ಒಂದು ಸಲ ಹೋಗಿ ಬಂದ. ಇನ್ನೊಂದು ಸಲ ಹೊರಟ. ಅವನ ಕೈ ಕುತ್ತಿಗೆಯ ಕಡೆ ಏಳುತ್ತದೆಯೇ ಎಂದು ನಾನು ನೋಡುತ್ತಾ ನಿಂತೆ, ಆ ಮೈದಾನ ಅಷ್ಟು ದೊಡ್ಡದು ಎಂದು ಅವತ್ತಿನವರೆಗೂ ನನಗೆ ಗೊತ್ತಿರಲಿಲ್ಲ. ನಡುವೆ ಎಲ್ಲೋ ಅವನು ಅಮ್ಮನನ್ನು ಕಂಡ. ಓಟ ನಡಿಗೆಯಾಯಿತು, ನಡಿಗೆ ನಿಂತಿತು. ಆಂಟಿ ಹೋಗಿ ಅವನ ಎದೆಯ ಮೇಲೆ ಅಂಗೈಯಿಟ್ಟು ಹಾಗೇ ನಿಂತರು. "ಮಮ್, ವಾಟ್ ಆರ್ ಯು ಡೂಯಿಂಗ್?" ಎನ್ನುವ ಅವನ ಸ್ವರ ಗಾಳಿಯಲ್ಲಿ ನನ್ನವರೆಗೂ ಬಂತು. ಅವರು ಕೈ ತೆಗೆಯಲಿಲ್ಲ.

ಡಾಕ್ಟರು ಸ್ಪೆಷಲಿಸ್ಟ್ ಹತ್ತಿರ ಕಳಿಸಿದರು. ಸ್ಪೆಷಲಿಸ್ಟ್ ಸ್ಕ್ಯಾನ್ ಮಾಡಿದರು. ಸ್ನಾಯು ದಪ್ಪವಾಗಿತ್ತು. ಇನ್ನು ಆಟವಿಲ್ಲ, ಓಟವಿಲ್ಲ, ಇಷ್ಟು ದಿನ ಏನೂ ಆಗದಿದ್ದದ್ದೇ ಹೆಚ್ಚು ಎಂದರಂತೆ. ಕ್ಲಬ್ಬಿಗೆ ಫೋನ್ ಮಾಡಿದ್ದು ಅಂಕಲ್. ಬಾಗಿಲು ಹಾಕಿಕೊಂಡು ಮಾತಾಡಿದರು. ಹೊರಗೆ ಬಂದವರು ನನ್ನನ್ನು ನೋಡಿ, "ಊಟ ಆಯ್ತಾ ನಿಂದು?" ಎಂದು ಕೇಳಿದರು. ಅಮ್ಮನಿಗೂ ತಂಗಿಗೂ ಪರೀಕ್ಷೆಯಾಗಬೇಕು ಎಂದು ಸ್ಪೆಷಲಿಸ್ಟ್ ಹೇಳಿದ್ದರು, ತಂಗಿಯ ಸರದಿ ಮುಂದಿನ ವಾರವಿತ್ತು. ಅಲ್ಲಿಯವರೆಗೆ ಅವಳು ಮಹಡಿ ಹತ್ತುವಾಗೆಲ್ಲ ಕೆಳಗಿನಿಂದ ಆಂಟಿ "ಮೆಲ್ಲ, ಮೆಲ್ಲ" ಎನ್ನುವುದು ನನ್ನ ಫ್ಲಾಟಿನವರೆಗೂ ಕೇಳಿಸುತ್ತಿತ್ತು.

ಡ್ರಾಫ್ಟ್ ದಿನ ನಾನು ನನ್ನ ಫ್ಲಾಟಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೆ. ನೋಡಬಾರದು ಎಂದುಕೊಂಡಿದ್ದೆ, ಆದರೂ ಕೂತಿದ್ದೆ. ನಮ್ಮ ಕ್ಲಬ್ಬಿನ ಸರದಿ ಬಂತು. ಗೋಧಿ ಸೀಮೆಯ ದೈತ್ಯನ ಹೆಸರು ಓದಿದರು. ಗೆಳೆಯ ಫೋನ್ ಮಾಡಿದ, ಗೆದ್ದ ದನಿಯಿರಲಿಲ್ಲ. "ಹುಡುಗ ಹೆಂಗದಾನ?" ಎಂದ. ಬಾಗಿಲಲ್ಲಿ ನೆರಳು ಬಿದ್ದದ್ದರಿಂದ ಆಮೇಲೆ ಮಾಡುತ್ತೇನೆಂದು ಇಟ್ಟೆ.

ಹುಡುಗ ಒಳಗೆ ಬಂದು ನನ್ನ ಹಾಸಿಗೆಯ ಮೇಲೆ ಅಂಗಾತ ಮಲಗಿದ. ಆ ಸ್ಕ್ಯಾನ್ ಆದ ಮೇಲೆ ಅವನು ನನ್ನ ಜೊತೆ ಮಾತಾಡಿರಲಿಲ್ಲ.

"ವೇರ್ ಡಿಡ್ ಯು ಹ್ಯಾವ್ ಮಿ?" ಎಂದ ಛಾವಣಿ ನೋಡುತ್ತಾ. ನಿನ್ನ ಲೆಕ್ಕದಲ್ಲಿ ನಾನು ಎಷ್ಟನೆಯವನಾಗಿದ್ದೆ ಎಂದು. ಸುಳ್ಳು ಹೇಳಬಾರದು ಎಂದೂ ಸೇರಿಸಿದ.

"ನಮ್ಮ ಮೊದಲನೇ ಪಿಕ್," ಎಂದೆ. "ಯೋಚನೇನೇ ಮಾಡ್ತಿರ್ಲಿಲ್ಲ."

"ವೈ?"

ಹೇಳಿದೆ. ಎಡಗಾಲಿನ ಕಿಕ್ ಬಗ್ಗೆ ಹೇಳಿದೆ, ಅದು ಓಡುವವನ ಎದೆಗೇ ಹೋಗಿ ಕೂರುವ ರೀತಿ. ಒದ್ದೆ ಮೈದಾನದಲ್ಲಿ ಚೆಂಡನ್ನು ಒಂದೇ ಕೈಯಲ್ಲಿ ಎತ್ತಿಕೊಂಡ ಆ ಪಂದ್ಯದ ಬಗ್ಗೆ ಹೇಳಿದೆ. ಇಬ್ಬರು ಮೈಮೇಲೆ ಬಂದರೂ ಗಾಬರಿಯಾಗದ ಕಣ್ಣಿನ ಬಗ್ಗೆ, ಬೆಳೆದರೆ ಯಾವ ಜಾಗದಲ್ಲಿ ಆಡಿಸಬೇಕಿತ್ತು ಎನ್ನುವ ಬಗ್ಗೆ, ಫೋರಂನಲ್ಲಿ ಬರೆಯಲು ಕಟ್ಟಿಟ್ಟುಕೊಂಡು ಬರೆಯದೇ ಉಳಿದ ಎಲ್ಲ ವಾದವನ್ನೂ ಒಂದೇ ಉಸಿರಿಗೆ ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಒಂದೆರಡು ಸಲ ಅಲ್ಲ ಎಂಬಂತೆ ತುಟಿ ಓರೆ ಮಾಡಿದ, ಒಂದು ಸಲ ನಕ್ಕ. ನಾನು ನಿಲ್ಲಿಸಿದಾಗ, "ಕೀಪ್ ಗೋಯಿಂಗ್," ಎಂದ.

ಇನ್ನೂ ಹೇಳುತ್ತಾ ಹೋದೆ. ಆಗಲೇ ಗಮನಿಸಿದ್ದು, ಅವನ ಎರಡು ಬೆರಳು ಅವನದೇ ಕುತ್ತಿಗೆಯ ಪಕ್ಕದಲ್ಲಿ, ದವಡೆಯ ಕೆಳಗೆ ಒತ್ತಿಕೊಂಡಿದ್ದವು. ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ನಾಡಿ ಎಣಿಸುತ್ತಿದ್ದ.